ಹೊಟ್ಟೆನೋವಿನ ಕೋಣೆಯ ಬಿಸಿನೀರಕ್ಕ

ಬೆಳಗಿನ ಆರೂಕಾಲು. ಶಾಲೆಯ ಹಿಂಬಾಗಿಲ ಬೀಗ ತೆಗೆದು ಅವರು ಒಳಗೆ ಬರುವಾಗ ಮೈದಾನದಲ್ಲಿ ಇನ್ನೂ ಮಬ್ಬು. ಮೆಟ್ಟಿಲ ಕೆಳಗಿನ ಚಿಕ್ಕ ಕೋಣೆಗೆ ಹೋಗಿ ದೀಪ ಹಾಕುತ್ತಾರೆ. ಎರಡು ಕಬ್ಬಿಣದ ಮಂಚ, ಒಂದು ಸ್ಟೂಲು, ಮೂಲೆಯಲ್ಲಿ ಅಂಚು ಕಿತ್ತುಹೋದ ಬೇಸಿನ್ನು. ಹಾಸಿಗೆಯ ರೆಕ್ಸಿನ್ ಒರೆಸುತ್ತಾರೆ, ಬೇಸಿನ್ನು ತಿಕ್ಕುತ್ತಾರೆ, ಆಮೇಲೆ ಕೆಟಲ್‌ಗೆ ನೀರು ತುಂಬಿ ಸ್ವಿಚ್ ಒತ್ತುತ್ತಾರೆ. "ನೀರು ಮೊದ್ಲೇ ಕಾದಿರ್ಬೇಕು. ನಮ್ಮ ಮೊದಲನೇ ಗಿರಾಕಿ ಪ್ರಾರ್ಥನೆ ಮುಗಿಯೋ ತನಕ ಕಾಯಲ್ಲ" ಎಂದು ನಗುತ್ತಾರೆ.

ಅವರು ನರ್ಸ್ ಅಲ್ಲ. ನರ್ಸ್ ಬರುವುದು ಬುಧವಾರ ಮಾತ್ರ. ಕಡತದಲ್ಲಿ ಇವರ ಹುದ್ದೆ 'ಸಹಾಯಕಿ'. ಹತ್ತೊಂಬತ್ತು ವರ್ಷಗಳಿಂದ ಈ ಕೋಣೆ ನೋಡಿಕೊಳ್ಳುವ ಇವರನ್ನು ಮಕ್ಕಳು ಕರೆಯುವುದು ಬಿಸಿನೀರಕ್ಕ ಎಂದು. ಯಾವ ಕಾಯಿಲೆ ಎಂದು ಹೋದರೂ ಮೊದಲು ಸಿಗುವುದು ಒಂದು ಲೋಟ ಬಿಸಿನೀರೇ.

ಶಾಲೆಯಲ್ಲಿ ಆರುನೂರ ನಲವತ್ತು ಮಕ್ಕಳು. ದಿನಕ್ಕೆ ಹದಿನೈದು ಮಂದಿಯಾದರೂ ಈ ಬಾಗಿಲಿಗೆ ಬರುತ್ತಾರೆ, ಪರೀಕ್ಷೆಯ ದಿನ ಮೂವತ್ತು. "ಹದಿನೈದರಲ್ಲಿ ಜ್ವರ ಇರೋರು ಇಬ್ಬರು. ಬಿದ್ದು ಮಂಡಿ ತರಚ್ಕೊಂಡೋರು ಮೂವರು. ಮಿಕ್ಕೋರೆಲ್ಲ ಹೊಟ್ಟೆನೋವು" ಎನ್ನುತ್ತಾರೆ. ಹಾಗಾದರೆ ಅದು ಸುಳ್ಳೇ ಎಂದು ಕೇಳಿದರೆ ಒರೆಸುವ ಬಟ್ಟೆ ಹಿಂಡುತ್ತಾ ಅಲ್ಲವೆಂದು ತಲೆಯಾಡಿಸುತ್ತಾರೆ. "ನೋವಂತೂ ನಿಜ. ಕೈ ಮುಟ್ಟಿದ್ರೆ ತಣ್ಣಗಿರತ್ತೆ, ಎದೆ ಡವಡವ ಅಂತಿರತ್ತೆ. ಭಯ ಆಗ್ತಿದೆ ಅಂದ್ರೆ ಯಾರು ಮಲಗೋಕೆ ಬಿಡ್ತಾರೆ? ಹೊಟ್ಟೆನೋವು ಅಂದ್ರೆ ಮಂಚ ಸಿಗತ್ತೆ. ಅಷ್ಟು ಬುದ್ಧಿ ಅವಕ್ಕಿದೆ."

ಏನು ಭಯ ಎಂದು ನೇರವಾಗಿ ಕೇಳಬಾರದು ಎನ್ನುವುದನ್ನು ಇವರು ಬಹಳ ಬೇಗ ಕಲಿತರು. ಕೇಳಿದರೆ ಮಕ್ಕಳು ದೊಡ್ಡವರಿಗೆ ಬೇಕಾದ ಉತ್ತರ ಹುಡುಕಿ ಕೊಡುತ್ತವೆ. ಅದಕ್ಕೇ ಕೈಗೊಂದು ಕೆಲಸ ಕೊಡುತ್ತಾರೆ. ಟವೆಲ್ ಮಡಿಸು, ಹತ್ತಿ ಉಂಡೆ ಮಾಡು. ಕೈ ಆಡುತ್ತಿದ್ದರೆ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಮ್ಮೆ ಎರಡನೇ ತರಗತಿಯ ಹುಡುಗನೊಬ್ಬ ಮೂರು ತಿಂಗಳು ದಿನಾ ಬಂದ. ಲೆಕ್ಕದ ಭಯ ಎಂದರು ಟೀಚರು. ಅಜ್ಜಿಯ ಮುದ್ದು ಎಂದಳು ತಾಯಿ. ಟವೆಲ್ ಮಡಿಸುತ್ತಾ ಹುಡುಗ ಹೇಳಿದ್ದು ಬೇರೆಯೇ. ಹುಡುಗರ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ದೊಡ್ಡ ಹುಡುಗರು ಬಾಗಿಲು ದೂಡುತ್ತಾರೆ. ಅದಕ್ಕೆ ಬೆಳಗಿನಿಂದ ಹನಿ ನೀರು ಕುಡಿಯುವುದಿಲ್ಲ, ಇಡೀ ದಿನ ತಡೆದುಕೊಂಡೇ ಕೂರುತ್ತಾನೆ. "ಚಿಲಕ ಹಾಕಿಸ್ದೆ. ಮೂರು ತಿಂಗಳ ಹೊಟ್ಟೆನೋವು ಎರಡು ಮೊಳೆಗೆ ವಾಸಿ ಆಯ್ತು. ಎಲ್ಲಾದಕ್ಕೂ ಹಾಗೇ ಚಿಲಕ ಸಿಗೋ ಹಾಗಿದ್ರೆ..."

ಹೋದ ವರ್ಷ ತಜ್ಞರೊಬ್ಬರು ಬಂದು ಮಕ್ಕಳ ಆತಂಕಕ್ಕೆ ಕಾರಣಗಳು ಎಂದು ಎರಡು ಗಂಟೆ ಮಾತಾಡಿದರು. ಕುರ್ಚಿ ಹಾಕಿ, ನೀರಿನ ಲೋಟ ಇಟ್ಟು, ಇವರು ಬಾಗಿಲ ಬಳಿ ನಿಂತೇ ಎಲ್ಲವನ್ನೂ ಕೇಳಿಸಿಕೊಂಡರು. "ಅವ್ರು ಹೇಳಿದ್ದು ಒಂದೂ ತಪ್ಪಿಲ್ಲ. ಟೀಚರುಗಳು ಬರ್ಕೊಂಡ್ರು. ಮಾರನೇ ದಿನ ಅದೇ ಟೀಚರುಗಳು, ಇಲ್ಲಿ ಮಲಗಿದ್ದ ಹುಡುಗೀನ ನೋಡಿ, ನಾಟಕ ಆಡ್ತಾಳೆ, ಎಬ್ಬಿಸಿ ಕಳಿಸಿ ಅಂದ್ರು."

ಬೇರೆಯವರನ್ನು ದೂರಲು ಇವರಿಗೂ ಬಾಯಿಲ್ಲ. ಇವರ ಮಗಳು ಶಾಲೆಗೆ ಹೋಗುವ ವಯಸ್ಸಿನಲ್ಲಿ ದಿನಾ ಬೆಳಗ್ಗೆ ವಾಂತಿ ಮಾಡಿಕೊಳ್ಳುತ್ತಿದ್ದಳು. ಗಂಡ ತೀರಿಕೊಂಡಿದ್ದ ಕಾಲ. ಇವರಿಗೆ ಮೂರು ಮನೆಗಳಲ್ಲಿ ಪಾತ್ರೆ ತೊಳೆಯುವ ಕೆಲಸ. ಕಷಾಯ ಕುಡಿಸಿದರು, ವೈದ್ಯರಿಗೆ ತೋರಿಸಿದರು, ಕೊನೆಗೆ ಕಳ್ಳಾಟವೆಂದು ಸೌಟಿನಲ್ಲಿ ಹೊಡೆದರು. ಹದಿಮೂರಕ್ಕೆ ಹುಡುಗಿ ಶಾಲೆ ಬಿಟ್ಟಳು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಫೋನಿನಲ್ಲಿ ಬೇರೇನೋ ಮಾತಿನ ನಡುವೆ ಕೇಳಿದಳಂತೆ: "ಅಮ್ಮ, ಫೇಲಾದ್ರೆ ಚಿಕ್ಕಮ್ಮನ ಮನೇಲಿ ಬಿಟ್ಟು ಹೊರಟುಹೋಗ್ತೀನಿ ಅಂದಿದ್ದೆಯಲ್ಲ, ನಿಜವಾಗ್ಲೂ ಬಿಡ್ತಿದ್ಯಾ?"

"ಆ ಮಾತು ಆಡಿದ್ದೇ ನಂಗೆ ನೆನಪಿಲ್ಲ. ಅವಳಿಗೆ ನಾನು ಉಟ್ಟಿದ್ದ ಸೀರೆ ಸಮೇತ ನೆನಪಿದೆ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರಲ್ಲ. ಹೋಗಲ್ಲ. ಮಕ್ಕಳ ಹೊಟ್ಟೆಯೊಳಗೇ ಕೂತಿರತ್ತೆ" ಎನ್ನುತ್ತಾರೆ. ಮಗಳು ಈಗಲೂ ಒಬ್ಬಳೇ ಬಸ್ಸು ಹತ್ತುವುದಿಲ್ಲ.

ಈ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮೂರನೇ ತರಗತಿಯ ಹುಡುಗಿಯೊಬ್ಬಳು ಬರತೊಡಗಿದಳು. ಗುಬ್ಬಿಯಷ್ಟೇ ಜೀವ, ಹಾಗಾಗಿ ಇವರು ಕರೆಯುವುದೂ ಗುಬ್ಬಿ ಎಂದೇ. ದಿನಾ ಹತ್ತಕ್ಕೆ ಸರಿಯಾಗಿ ಹೊಟ್ಟೆನೋವು. ಮಗುವಿಗೆ ಹುಷಾರಿಲ್ಲವೆಂದರೆ ಮನೆಗೆ ಫೋನ್ ಮಾಡಿ ತಿಳಿಸಬೇಕು, ಅದು ಶಾಲೆಯ ನಿಯಮ. ಇವರು ಫೋನ್ ಮಾಡುತ್ತಿದ್ದರು. ತಾಯಿ, ಸ್ವಲ್ಪ ಮಲಗಿಸಿ ನೋಡಿ ಅಕ್ಕ, ಎನ್ನುತ್ತಿದ್ದಳು. ಇವರು ಫೋನ್ ಇಡುವ ಮೊದಲೇ ಗುಬ್ಬಿ ಮಂಚದಿಂದ ಇಳಿದು ಚಪ್ಪಲಿ ಹುಡುಕುತ್ತಿದ್ದಳು.

"ನೋವು ಹೋಯ್ತಾ?"

"ಹೋಯ್ತು. ಅಮ್ಮ ಎತ್ತಿದ್ರಲ್ಲ."

ಮೊದಮೊದಲು ಇವರೂ ಅದನ್ನು ಗಮನಿಸಲಿಲ್ಲ. ಲೆಕ್ಕದ ಪಾಠ ತಪ್ಪಿಸಲು ಹೂಡಿದ ಆಟ ಎಂದು ಟೀಚರು ಹೇಳಿದ್ದನ್ನೇ ನಂಬಿದರು. ಆದರೆ ಲೆಕ್ಕ ತಪ್ಪಿಸುವವಳು ಐದೇ ನಿಮಿಷಕ್ಕೆ ಲೆಕ್ಕಕ್ಕೇ ಏಕೆ ಓಡುತ್ತಾಳೆ? ಒಂದು ದಿನ ತಾಯಿ ಮೊದಲ ಸಲಕ್ಕೆ ಫೋನ್ ಎತ್ತಲಿಲ್ಲ. ಗುಬ್ಬಿಯ ಮುಖ ಸುಣ್ಣದಂತಾಯಿತು. ಮಂಚದ ಕಂಬಿ ಹಿಡಿದು ನಿಂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡಳು. ಎರಡನೇ ಸಲಕ್ಕೆ ತಾಯಿ ಎತ್ತಿದಳು, ಸ್ನಾನಕ್ಕೆ ಹೋಗಿದ್ದಳಂತೆ.

ಅಂದು ಬಟ್ಟೆ ಬದಲಾಯಿಸಿ, ಕೈಗೆ ಹತ್ತಿ ಕೊಟ್ಟು, ಪಕ್ಕದಲ್ಲಿ ಕೂತರು. ನಾಲ್ಕು ಉಂಡೆ ಮಾಡಿಟ್ಟ ಮೇಲೆ ಗುಬ್ಬಿ ಹೇಳಿದಳು. ಅಪ್ಪನ ಜೊತೆ ಜಗಳವಾದಾಗಲೆಲ್ಲ ಅಮ್ಮ, ಒಂದು ದಿನ ನೀವೆಲ್ಲ ಬಂದು ನೋಡೋಷ್ಟರಲ್ಲಿ ನಾನೇ ಇರಲ್ಲ, ಎನ್ನುತ್ತಾಳೆ. ಅಪ್ಪ ಮನೆ ಬಿಡುವುದು ಒಂಬತ್ತೂ ಮುಕ್ಕಾಲಿಗೆ. ಆಮೇಲೆ ಅಮ್ಮ ಒಬ್ಬಳೇ. "ನಾನು ಹೊಟ್ಟೆನೋವು ಅಂದ್ರೆ ನೀವು ಫೋನ್ ಮಾಡ್ತೀರಲ್ಲ ಅಕ್ಕ, ಅದಕ್ಕೆ."

ಕೇಳಿಸಿಕೊಂಡವರು ಸುಮ್ಮನಿರಬೇಕಿತ್ತೇ? ಇವರು ಟೀಚರಿಗೆ ಹೇಳಿದರು. ಜಗಳದಲ್ಲಿ ಯಾರು ಏನು ಅನ್ನಲ್ಲ ಬಿಡಿ ಅಕ್ಕ, ಎಂದರು ಟೀಚರು. ಮುಖ್ಯೋಪಾಧ್ಯಾಯಿನಿಯ ಬಳಿ ಹೋದರು. ಅವರು ಕಾಳಜಿಯಿಂದಲೇ ಕೇಳಿಸಿಕೊಂಡು ತಂದೆಯನ್ನು ಕರೆಸಿದರು. ತಂದೆ ಬಂದ, ಮಗಳನ್ನೂ ಕರೆಸಿಕೊಂಡ, ಎಲ್ಲರೆದುರಿಗೆ ಒಂದೇ ಪ್ರಶ್ನೆ ಕೇಳಿದ: "ಮನೆ ಮಾತನ್ನ ಊರಿಗೆಲ್ಲ ಹಂಚ್ತೀಯಾ?" ಇನ್ನು ಮುಂದೆ ಇವಳ ನೆಪಕ್ಕೆಲ್ಲ ಮನೆಗೆ ಫೋನ್ ಮಾಡಕೂಡದು ಎಂದು ಬರೆದುಕೊಟ್ಟು ಹೋದ. ಗುಬ್ಬಿ ಅಳಲಿಲ್ಲ. ಬಾಗಿಲ ಬಳಿ ನಿಂತಿದ್ದ ಬಿಸಿನೀರಕ್ಕನನ್ನು ಒಮ್ಮೆ ನೋಡಿದಳು, ಅಷ್ಟೆ.

"ಆ ನೋಟಕ್ಕಿಂತ ಕೆನ್ನೆಗೆ ಹೊಡ್ದಿದ್ರೆ ಚೆನ್ನಾಗಿತ್ತು" ಎನ್ನುತ್ತಾರೆ ಇವರು.

ಆ ಶನಿವಾರ ಮಧ್ಯಾಹ್ನ ವಿಳಾಸ ಹುಡುಕಿಕೊಂಡು ಇವರು ಮನೆಗೇ ಹೋದರು. ಮೂರನೇ ಮಹಡಿ. ತಾಯಿ ಬಾಗಿಲು ತೆಗೆದಳು, ಒದ್ದೆ ಕೈ, ಊದಿದ ಕಣ್ಣು. ಇನ್ನೂ ಮೂವತ್ತು ದಾಟದ ಹೆಂಗಸು. ಒಳಗೆ ಕರೆಯಲಿಲ್ಲ. ಇವರು ಹೊಸ್ತಿಲಾಚೆ ನಿಂತೇ ಹೇಳಿದರು.

"ನಿಮ್ಮ ಮಗಳು ದಿನಾ ಹೊಟ್ಟೆನೋವು ಅಂತಿದ್ದಿದ್ದು ನೀವು ಬದುಕಿದ್ದೀರಾ ಅಂತ ತಿಳ್ಕೊಳ್ಳೋಕೆ, ತಾಯಿ."

ಅವಳು ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. ಆಮೇಲೆ, "ಅವಳು ನಿದ್ದೆ ಮಾಡ್ತಿದ್ಲು ಅನ್ಕೊಂಡಿದ್ದೆ" ಎಂದಳು. ಮತ್ತೆ, "ನಾನು ಸುಮ್ನೆ ಅಂದಿದ್ದು ಅಕ್ಕ" ಎಂದಳು. ಸುಮ್ಮನೆ ಅಂದವಳ ಮುಖ ಅದಾಗಿರಲಿಲ್ಲ ಎನ್ನುತ್ತಾರೆ ಇವರು. ಆಸ್ಪತ್ರೆಗೆ ಜೊತೆಗೆ ಬರುತ್ತೇನೆ, ಯಾರ ಬಳಿಯಾದರೂ ಮಾತಾಡೋಣ, ಎಂದು ತಮ್ಮ ನಂಬರು ಬರೆದುಕೊಟ್ಟರು. ತಾಯಿ ಚೀಟಿ ತೆಗೆದುಕೊಂಡು ಬಾಗಿಲು ಹಾಕಿಕೊಂಡಳು. ಫೋನ್ ಬರಲಿಲ್ಲ. ಸೋಮವಾರ ಬಂದದ್ದು ಶಾಲೆಯ ನೋಟಿಸು: ಸಹಾಯಕಿ ತಮ್ಮ ಕೆಲಸದ ಮಿತಿ ಮೀರಿ ಪೋಷಕರ ಮನೆಗೆ ಹೋಗುವುದನ್ನು ಸಹಿಸಲಾಗದು. ಇವರು ರುಜು ಹಾಕಿಕೊಟ್ಟರು.

ಅಲ್ಲಿಂದೀಚೆಗೆ ಗುಬ್ಬಿ ಒಂದು ದಿನವೂ ಈ ಕೋಣೆಗೆ ಬಂದಿಲ್ಲ. ಕೋಣೆಯ ರಿಜಿಸ್ಟರಿನ ಆಮೇಲಿನ ಪುಟಗಳಲ್ಲಿ ಆ ಹೆಸರೇ ಇಲ್ಲ. ಹುಡುಗಿ ಸರಿಹೋದಳು, ಸ್ವಲ್ಪ ಬಿಗಿ ಮಾಡಿದ್ದೇ ಒಳ್ಳೆಯದಾಯಿತು, ಎಂದು ಟೀಚರು ಹೇಳುತ್ತಾರೆ. ಹತ್ತು ಗಂಟೆಗೆ ನೀರಿನ ಜಗ್ಗು ಹಿಡಿದು ಪಡಸಾಲೆಯಲ್ಲಿ ಹೋಗುವಾಗ ಇವರು ಮೂರನೇ ತರಗತಿಯ ಕಿಟಕಿಯಲ್ಲಿ ಇಣುಕುತ್ತಾರೆ. ಎರಡನೇ ಬೆಂಚಿನ ಗುಬ್ಬಿ ಪುಸ್ತಕದ ಮೇಲೆ ಬಗ್ಗಿ ಕೂತಿರುತ್ತಾಳೆ. ಎಡಗೈ ಹುಬ್ಬಿನ ಮೇಲೆ. ಒಂದೊಂದೇ ಕೂದಲು ಕೀಳುತ್ತಾಳೆ, ಬೆಂಚಿನ ಮೇಲೆ ಸಾಲಾಗಿ ಇಡುತ್ತಾಳೆ. ಎಡಗಡೆಯ ಹುಬ್ಬು ಈಗ ಅರ್ಧ ಇಲ್ಲ.

ಅದನ್ನೂ ಇವರು ಹೇಳಿ ನೋಡಿದ್ದಾರೆ. ಬುಧವಾರದ ನರ್ಸ್ ಚರ್ಮದ ಮುಲಾಮು ಬರೆದುಕೊಟ್ಟರು.

"ಹತ್ತೊಂಬತ್ತು ವರ್ಷ ಕಾರಣ ಹುಡುಕಿದ್ದೇ ಬಂತು. ಈ ಮಗುವಿನ ಕಾರಣ ಗೊತ್ತಾಯ್ತು. ಗೊತ್ತಾಗಿ ಏನ್ ಮಾಡ್ದೆ? ಅದಕ್ಕಿದ್ದ ಒಂದೇ ಒಂದು ದಾರೀನ ಮುಚ್ಚಿಸ್ದೆ" ಎನ್ನುವಾಗ ಅವರ ದನಿ ಏರುವುದಿಲ್ಲ. ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಕರೆದೊಯ್ಯಿರಿ ಎಂದು ತಂದೆಗೆ ಪತ್ರ ಬರೆಯುವಂತೆ ಮುಖ್ಯೋಪಾಧ್ಯಾಯಿನಿಯನ್ನು ಮೂರು ಸಲ ಕೇಳಿದ್ದಾರೆ. ನೋಡೋಣ ಎಂಬ ಉತ್ತರ ಬಂದಿದೆ. ಮಾರ್ಚಿಗೆ ಇವರಿಗೆ ನಿವೃತ್ತಿ. ಈ ಕೋಣೆಯನ್ನು ಕಂಪ್ಯೂಟರ್ ಇಡಲು ಬಳಸುವ ಯೋಚನೆ ಇದೆಯಂತೆ.

ಬೀಳ್ಕೊಡುಗೆಗೆ ಏನು ಬೇಕೆಂದು ಕಚೇರಿಯವರು ಕೇಳಿದ್ದಾರೆ. ಏನೂ ಬೇಡ ಎಂದಿದ್ದಾರೆ ಬಿಸಿನೀರಕ್ಕ. ಮಾತಾಡಿಸಲು ಬಂದ ನಮ್ಮ ಬಳಿ ಮಾತ್ರ, ಬಾಗಿಲ ಕಡೆ ನೋಡುತ್ತಾ ಹೇಳುತ್ತಾರೆ:

"ನಾನು ಹೋಗೋದ್ರೊಳಗೆ ಆ ಮಗು ಒಂದ್ಸಲ ಬಂದು, ಅಕ್ಕ ಹೊಟ್ಟೆನೋವು ಅಂತ ಸುಳ್ಳು ಹೇಳಿದ್ರೆ ಸಾಕು. ಫೋನ್ ನಾನು ಮಾಡ್ತೀನಿ. ಕೆಲಸ ಹೋದ್ರೂ ಮಾಡ್ತೀನಿ."