ಪೆರೇಸಂದ್ರದಾಚೆಯ ವಿಮಾನದ ಕಲ್ಲು

ಮೊನ್ನೆ ಮೊಮ್ಮಗಳ ನೆತ್ತಿಗೆ ಹಚ್ಚಲೆಂದು ಹರಳೆಣ್ಣೆ ಬಿಸಿ ಮಾಡಿದರು. ಆ ವಾಸನೆ ಹಜಾರಕ್ಕೆ ಬಂದಾಗ ನನಗೆ ನೆನಪಾದದ್ದು ಒಂದು ವಿಮಾನ. ಅದರ ಹಿಂದೆಯೇ ಜಂಗಮಕೋಟೆಯ ನಮ್ಮ ಎದುರುಮನೆಯ ದೊಡ್ಡಮ್ಮ. ಎಣ್ಣೆಗೂ ವಿಮಾನಕ್ಕೂ ಏನು ಸಂಬಂಧ ಎಂದು ಮನೆಯವರು ನಕ್ಕರು. ಸಂಬಂಧವಿದೆ... ನನ್ನ ನೆನಪನ್ನು ನಂಬಬಹುದಾದರೆ.

ಅರವತ್ತರ ದಶಕದ ಮೊದಲ ವರ್ಷಗಳಿರಬೇಕು. ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದ ನಾನು ರಜೆಗೆ ಬಂದಿದ್ದೆ. ದೊಡ್ಡಮ್ಮನ ಒಬ್ಬನೇ ಮಗ ವಾಯುಪಡೆಗೆ ಆಯ್ಕೆಯಾಗಿದ್ದ. ತಂದೆಯಿಲ್ಲದ ಹುಡುಗ, ಅಮ್ಮ ಒಪ್ಪದೆ ಹೋಗುವುದಿಲ್ಲ ಎಂದು ಕೂತುಬಿಟ್ಟಿದ್ದ. ಅವಳು ಹೂಂ ಎನ್ನಲಿಲ್ಲ, ಉಹೂಂ ಎಂದೂ ಎನ್ನಲಿಲ್ಲ. ಅಷ್ಟರಲ್ಲಿ ಅವಳ ಅಣ್ಣ ಬಂದು ಚುಚ್ಚಿ ಹೋದ: "ಪೆರೇಸಂದ್ರದ ಆಚೆ ಬಯಲಲ್ಲಿ ವಿಮಾನದೋನ ಕಲ್ಲೈತೆ. ಅವನೇನಾದ ನೋಡ್ಕೊಂಡು ಬಾ, ಆಮೇಲೆ ಮಗನ್ನ ಕಳ್ಸಮ್ಮ."

ಅವಳ ರೇಷ್ಮೆಹುಳುಗಳು ಆಗ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಮುಟ್ಟದೆ ತಲೆಯೆತ್ತಿ ಸುಮ್ಮನಿರುತ್ತದೆ. ಸಾಕುವವರಿಗೆ ಬಿಡುವೆಂದರೆ ಅದೊಂದೇ. "ಬಾರಪ್ಪ, ಇಂಗ್ಲೀಷು ಓದಿದೀಯ, ಕಲ್ಲಲ್ಲೇನಾದ್ರೂ ಬರ್ದಿದ್ರೆ ಹೇಳೀವಂತೆ" ಎಂದು ನನ್ನನ್ನು ಹೊರಡಿಸಿದಳು.

ಬಸ್ಸಿಳಿದು ಹುರುಳಿ ಹೊಲಗಳ ನಡುವೆ ನಡೆದೆವು. ಎದುರಿಗೆ ಬಟ್ಟಬಯಲು, ಮೇಲೆ ಎಲ್ಲೂ ತಡೆಯಿಲ್ಲದ ಆಕಾಶ. ಕಲ್ಲು ಒಂಟಿಯಾಗಿ ನಿಂತಿತ್ತು. ಅದನ್ನು ಕಂಡ ಕೂಡಲೇ ದೊಡ್ಡಮ್ಮನ ಮುಖ ಇಳಿಯಿತು. ಊರೂರಲ್ಲಿ ಇರುವಂಥ ವೀರಗಲ್ಲು ಅದು. ಕೆಳಗೆ ಎರಡು ಅಂತಸ್ತಿನ ರೆಕ್ಕೆಯ ವಿಮಾನ, ಅದರೊಳಗೆ ಮೀಸೆಯ ಮನುಷ್ಯ. ನಡುವೆ ಅವನನ್ನು ಎರಡು ಕಡೆಯಿಂದ ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತ ಅದೇ ಮೀಸೆ.

"ಹೋಗ್ಬಿಟ್ಟವ್ನೆ" ಎಂದಳು.

ಬುಡದಲ್ಲಿ ಯಾರೋ ಆಮೇಲೆ ಕೆತ್ತಿಸಿದ್ದ ಇಂಗ್ಲಿಷ್ ಸಾಲಿತ್ತು. ಓದಿದೆ. ಮೊದಮೊದಲ ವಿಮಾನಗಳ ಕಾಲದಲ್ಲಿ ಒಬ್ಬ ಹಾರಾಟಗಾರ ಇಲ್ಲಿ ಸುರಕ್ಷಿತವಾಗಿ ಇಳಿದನೆಂದು ಬರೆದಿತ್ತು. ಅವಳು ನಂಬಲಿಲ್ಲ. "ಕಲ್ಲೇ ಹೇಳ್ತಾ ಐತೆ, ನೀನು ನನ್ನ ಸಮಾಧಾನ ಮಾಡ್ತೀಯೇನೋ?"

ಹತ್ತಿರದಲ್ಲಿ ಕುರಿ ಮೇಯಿಸುತ್ತಿದ್ದ ಮುದುಕ ನಕ್ಕು, ತೆಲುಗು ಬೆರೆಸಿ ಹೇಳಿದ: "ಅಯ್ಯೋ, ಚಾವಲೇದಮ್ಮಾ, ಸಾಯ್ಲಿಲ್ಲ! ನಾನೇ ಕಂಡಿವ್ನಿ. ಇಳ್ದ, ನಮ್ಮವ್ವ ಕೊಟ್ಟ ಮಜ್ಜಿಗೆ ಕುಡ್ದ, ಹಾರ್ಕೊಂಡು ಹೋದ. ಆಕಾಶದಿಂದ ಬಂದೋನಿಗೆ ಒಂದು ಕಲ್ಲು ನಿಲ್ಸಣ ಅಂದ್ರು ಊರೋರು. ಕಲ್ಲುಕುಟಿಗನಿಗೆ ಬರ್ತಿದ್ದಿದ್ದು ಇದೊಂದೇ ತರ. ಮೇಲಕ್ಕೆ ಹೋಗೋನು ಅಂದ್ರೆ ಹಿಂಗೇ ಅಂತ ಬದುಕಿರೋನ್ನ ಕೈಲಾಸಕ್ಕೆ ಕಳಿಸ್ಬಿಟ್ಟ!"

ವಿಮಾನ ಇಳಿದಾಗ ಬಯಲೆಲ್ಲ ಹರಳೆಣ್ಣೆಯ ಹೊಗೆ ನಾರುತ್ತಿತ್ತಂತೆ; ಆ ಕಾಲದ ಇಂಜಿನ್ನಿಗೆ ಹಾಕುತ್ತಿದ್ದದ್ದು ಅದೇ ಎಣ್ಣೆ. ರೆಕ್ಕೆ ಮುಟ್ಟಿದರೆ ಬಟ್ಟೆಯಂತೆ, ಬೆರಳು ಒತ್ತಿದರೆ ತಮಟೆಯ ಹಾಗೆ ಬಿಗಿಯಂತೆ.

"ಬಟ್ಟೆನಾ?" ದೊಡ್ಡಮ್ಮ ಬೆರಗಾಗಿ ಕೇಳಿದಳು. "ಬಟ್ಟೆ ಕಟ್ಕೊಂಡು ಅಷ್ಟೆತ್ತರಕ್ಕಾ?" ಕೆತ್ತಿದ ರೆಕ್ಕೆಯ ಮೇಲೆ ಅಂಗೈ ಇಟ್ಟಳು. ಆಮೇಲೆ ತಲೆಯೆತ್ತಿ ಆಕಾಶ ನೋಡಿದಳು, ಅದನ್ನು ಅಳೆಯುವವಳ ಹಾಗೆ, ಬಹಳ ಹೊತ್ತು. ನಾನೂ ನೋಡಿದೆ. ದಿನಾ ತಲೆಯ ಮೇಲೇ ಇದ್ದ ಆಕಾಶ ಅಷ್ಟು ಆಳವಿದೆ ಎಂದು ನನಗೆ ಗೊತ್ತಿರಲಿಲ್ಲ. ಮುದುಕ ಅಷ್ಟರಲ್ಲಿ ಕುರಿಗಳ ಹಿಂದೆ ಹೊರಟುಹೋಗಿದ್ದ. ಆಗ ಅವಳು ಏನೋ ಹೇಳಿದಳು... ನನಗೋ, ಕಲ್ಲಿಗೋ.

ಮನೆಗೆ ಬಂದವಳೇ ಮಗನಿಗೆ, "ಹೋಗ್ಬಾರಪ್ಪ. ಅಲ್ಲೂ ಯಾರಾದ್ರೂ ಮಜ್ಜಿಗೆ ಕೊಡ್ತಾರೆ" ಎಂದಳು. ಅವನು ಹೋದ.

ಹರಳೆಣ್ಣೆ ಕಾಯಿಸಿದ ಸಂಜೆ ಅವನಿಗೆ ಫೋನ್ ಮಾಡಿದೆ. ನಿವೃತ್ತನಾಗಿ ಚಿಂತಾಮಣಿಯಲ್ಲಿದ್ದಾನೆ. ಅವನು ದೂರದ ಗಡಿಯಲ್ಲಿದ್ದಾಗ ದೊಡ್ಡಮ್ಮ ತೀರಿಕೊಂಡಿದ್ದಳು. ಮುಖ ನೋಡಲು ಸಿಗಲಿಲ್ಲ. "ಒಂದು ಕೇಳ್ಬೇಕು ಅಂತಿದ್ದೆ ಕಣೋ" ಎಂದ. "ಕಲ್ಲಿನ ಹತ್ರ ಅಮ್ಮ ಏನಂದ್ಲು? ಹೆದರ್ಕೊಂಡು ಹೋದೋಳು ಹೆಂಗೆ ಒಪ್ಪಿದ್ಲು?"

"ಇಳಿಯೋದು ಗೊತ್ತಿದ್ದೋನು ಎಷ್ಟು ಮೇಲಕ್ಕೆ ಹೋದ್ರೂ ಭಯ ಇಲ್ಲ, ಅಂದ್ಲು" ಎಂದೆ.

"ಇಲ್ಲ ಕಣೋ. ಅಮ್ಮ ಹಂಗೆ ಮಾತಾಡ್ತಿರ್ಲಿಲ್ಲ. ಇದು ನಿನ್ ಮಾತು."

ಇರಬಹುದು. ಇಷ್ಟು ವರ್ಷಗಳಲ್ಲಿ ಅವಳ ಮಾತು ಎಲ್ಲಿ ಜಾರಿತೋ, ನನ್ನ ಮಾತು ಯಾವಾಗ ಅಲ್ಲಿ ಕೂತಿತೋ ತಿಳಿಯದು. ಅವನು ಬೇರೆ ಯಾರನ್ನು ಕೇಳಿಯಾನು? ಆ ಬಯಲಿನಲ್ಲಿ ಅವಳ ಪಕ್ಕ ನಿಂತು ಅದನ್ನು ಕೇಳಿಸಿಕೊಂಡವನು ನಾನೊಬ್ಬನೇ.