ತಂಡದ ಬಸ್ಸು ಬಂತಾ?

ಇಂದು ಶೂ ಪಾಲಿಶಿನ ವಾಸನೆಗೆ ಕೈಲಿದ್ದ ಕೆಲಸ ಬಿಟ್ಟು ಎದ್ದೆ.

ಚಿಕ್ಕವಳಿದ್ದಾಗ, ಅಪ್ಪನಿಗೆ ಕೆಲಸವಿದ್ದ ಗಲ್ಫಿನ ದಾರ್ಸೈಟ್‌ನಲ್ಲಿ ನಮ್ಮ ಪಕ್ಕದ ಫ್ಲಾಟಿನಲ್ಲಿ ಮುದಿ ಇಂಗ್ಲಿಷ್ ಕೋಚ್ ಒಬ್ಬರಿದ್ದರು. ಯೌವನದಲ್ಲಿ ತಮ್ಮೂರಿನ ಕ್ಲಬ್ಬಿಗೆ ಸಂಬಳಕ್ಕೆ ಫುಟ್ಬಾಲ್ ಆಡಿದವರು; ಮಳೆಗೆ ನೆನೆದು ಕಲ್ಲಿನಂತಾದ ಚರ್ಮದ ಚೆಂಡನ್ನು ವರ್ಷಗಟ್ಟಲೆ ಹಣೆಯಿಂದ ಹೊಡೆದವರು. ಕೊನೆಕೊನೆಗೆ ನೆನಪು ತಪ್ಪಿ, ಪಾಲಿಶ್ ಹಾಕಿದ ಬೂಟು ಹಿಡಿದು ನಮ್ಮ ಬಾಗಿಲು ಬಡಿಯುತ್ತಿದ್ದರು. “ತಂಡದ ಬಸ್ಸು ಬಂತಾ?”

ಆ ಖಾಲಿ ಕಣ್ಣುಗಳಿಗೆ ಹೆದರಿ ನಾನು ಅವ್ವನ ಹಿಂದೆ ಅಡಗುತ್ತಿದ್ದೆ. ಅಪ್ಪ ಮಾತ್ರ, “ಬಸ್ ಲೇಟ್, ಸರ್. ಚಹಾ ಕುಡೀರಿ,” ಎನ್ನುತ್ತಿದ್ದರು.

“ಸುಳ್ಳ್ಯಾಕ್ ಹೇಳ್ತೀರಿ?” ಎಂದು ಅವ್ವ ಕೇಳಿದರೆ, “ಬಸ್ ಹೋತು ಅಂದ್ರ ಅಳ್ತಾರ,” ಎನ್ನುವರು.

ಅವ್ವ ಹೋದ ಮೇಲೆ ಅಪ್ಪ ನನ್ನ ಜೊತೆಗಿದ್ದಾರೆ. ಇಂದು ಶೂ ಹೊಳಪಿಸಿಕೊಂಡು ಬಾಗಿಲಲ್ಲಿ ನಿಂತು, ನನ್ನನ್ನು ಗುರುತಿಸದೆ ಕೇಳಿದರು: “ಅಕ್ಕಾರ, ಆಫೀಸ್ ವ್ಯಾನ್ ಬಂತೇನ್ರಿ?”

ನಾನು ಕುರ್ಚಿ ಎಳೆದು ಕೊಟ್ಟೆ.

“ಲೇಟ್ ಅದ ರೀ. ಚಹಾ ಕುಡೀರಿ.”