ಹದಿನಾರನೇ ಪುಟದ ಅಜ್ಜಿ

ನಮ್ಮ ದೊಡ್ಡಪ್ಪನಿಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲ. ಕಪಾಟಿನಲ್ಲಿ ಒಂದು ಗೇಣು ಜಾಗ ಉಳಿದರೆ ಹಳೆಯ ಪತ್ರಿಕೆ ತುರುಕುತ್ತಾರೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೆ ನಿಂತಿರುವವರನ್ನು ಕೈಹಿಡಿದು ಎಳೆದು ಕೂರಿಸುತ್ತಾರೆ. ಊಟದ ನಡುವೆ ಎಲ್ಲರೂ ಒಂದು ಗಳಿಗೆ ಸುಮ್ಮನಾದರೆ ಸಾಕು, ಯಾರಿಗೂ ಬೇಡದ ಒಂದು ಸುದ್ದಿ ತೆಗೆಯುತ್ತಾರೆ. ಮೂವತ್ತೆಂಟು ವರ್ಷ ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸಿ ಪುಟ ತುಂಬಿಸಿದವರು, ಆ ಚಾಳಿ ಕೈಯಿಂದ ತಲೆಗೆ ಹತ್ತಿದೆ ಎನ್ನುವುದು ದೊಡ್ಡಮ್ಮನ ಅಭಿಪ್ರಾಯ.

ಅದೇ ಪ್ರೆಸ್ಸಿನಲ್ಲಿ ಈಗ ಕಂಪ್ಯೂಟರಿನ ಮುಂದೆ ಕೂರುವವಳು ನಾನು. ದೊಡ್ಡಪ್ಪ ನಿವೃತ್ತರಾಗಿ ಹನ್ನೊಂದು ವರ್ಷವಾಯಿತು, ಆದರೆ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬಂದು ನನ್ನ ಬೆನ್ನ ಹಿಂದೆ ಕುರ್ಚಿ ಹಾಕಿಕೊಳ್ಳುತ್ತಾರೆ. ಯಾರೂ ಕೇಳದಿದ್ದರೂ ಪ್ರೂಫು ನೋಡುತ್ತಾರೆ. ಒಂದು ತಪ್ಪು ಸಿಕ್ಕಿತೋ, ಆ ದಿನ ಅವರಿಗೆ ಹಬ್ಬ. ಕೈಗೆ ಮಸಿ ಹತ್ತದ ಕೆಲಸವನ್ನು ಅವರು ಕೆಲಸವೆಂದೇ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ನಾನೂ ಬಿಡುವವಳಲ್ಲ. ನಮ್ಮಿಬ್ಬರ ಜಗಳ ಕೇಳಿ ಕೇಳಿ ಮಾಲೀಕರು ತಮ್ಮ ಮೇಜನ್ನೇ ಹೊರಗಿನ ಕೋಣೆಗೆ ಸಾಗಿಸಿಬಿಟ್ಟರು.

ನಮ್ಮ ಪ್ರೆಸ್ಸಿಗೆ ವರ್ಷಾವರ್ಷ ತಪ್ಪದೆ ಬರುವ ಕೆಲಸವೆಂದರೆ ಅಜ್ಜಿಯ ಪುಸ್ತಕ. ಅಜ್ಜಿ ನೂರು ವರ್ಷಕ್ಕೂ ಹಿಂದೆ ಊರಿನಲ್ಲಿದ್ದ ಸೂಲಗಿತ್ತಿ. ಪ್ರವಾಹದ ದಿನ ಹೊಳೆಯ ನೀರಿನ ಮೇಲೆ ನಡೆದುಹೋಗಿ ಆಚೆ ದಡದ ಬಸುರಿಯ ಹೆರಿಗೆ ಮಾಡಿಸಿದಳು ಎನ್ನುತ್ತಾರೆ. ಅವಳು ಮುಟ್ಟಿದರೆ ಜ್ವರ ಬಿಡುತ್ತಿತ್ತಂತೆ, ಅವಳ ಕೂಗಿಗೆ ಗುಡುಗು ನಿಲ್ಲುತ್ತಿತ್ತಂತೆ. ವರ್ಷಕ್ಕೊಮ್ಮೆ ಬರುವ ಅವಳ ಸ್ಮರಣೆಯ ದಿನ ಊರಿನ ಶಾಲೆ, ಕಚೇರಿ ಎಲ್ಲದಕ್ಕೂ ರಜೆ. ಪುಸ್ತಕಕ್ಕೆ ಹದಿನಾರು ಪುಟ, ಒಳಗೆ ಹನ್ನೆರಡು ಕತೆ. ಕೊನೆಯದು ಹದಿನಾರನೇ ಪುಟದ ಕೆಳಗಿನ ಅರ್ಧದಲ್ಲಿದೆ.

ಆ ಕತೆಯಲ್ಲಿ ಪವಾಡವೇ ಇಲ್ಲ. ಒಬ್ಬ ತಾಯಿಯ ಮಗು ತೀರಿಕೊಂಡಿತು. ಅಜ್ಜಿ ಅವಳ ಮನೆಗೆ ಹೋಗಿ ಬಾಗಿಲ ಮೆಟ್ಟಿಲ ಮೇಲೆ ಕೂತಳು. ಸಮಾಧಾನದ ಮಾತು ಆಡಲಿಲ್ಲ, ದೇವರ ಹೆಸರು ಎತ್ತಲಿಲ್ಲ. ಸಂಜೆಯಾದಾಗ ಎದ್ದು “ನಾಳೆ ಬರುತ್ತೇನೆ” ಎಂದು ಹೊರಟಳು. ಹಾಗೆ ನಲವತ್ತು ದಿನ ಬಂದಳು. ನಲವತ್ತನೇ ದಿನ ಆ ತಾಯಿ ಎದ್ದು ಒಲೆ ಹೊತ್ತಿಸಿದಳು. ಇಷ್ಟೇ.

ಉಳಿದ ಹನ್ನೊಂದು ಕತೆಗಳನ್ನು ಜನ ಓದಿ ಮರೆಯುತ್ತಾರೆ. ಇದನ್ನು ಮಾತ್ರ ಹಿಡಿದುಕೊಂಡಿದ್ದಾರೆ. ಹೊಳೆಯ ಮೇಲೆ ನಡೆಯಲು ನಮ್ಮಿಂದಾಗದು, ಮೆಟ್ಟಿಲ ಮೇಲೆ ಕೂರಲು ಯಾರಿಂದಲಾದರೂ ಆಗುತ್ತದೆ. ಅಜ್ಜಿಯ ದಿನ, ಆ ವರ್ಷ ಸಾವಾದ ಮನೆಗೆ ಹೋಗಿ ಒಂದಿಷ್ಟು ಹೊತ್ತು ಸುಮ್ಮನೆ ಕೂತು, “ನಾಳೆ ಬರ್ತೀನಿ” ಎಂದು ಏಳುವುದು ಊರಿನಲ್ಲಿ ರೂಢಿಯಾಗಿದೆ. ಸರ್ಕಾರಿ ಆಸ್ಪತ್ರೆಯ ಕಾಯುವ ಕೋಣೆಯ ಗೋಡೆಯ ಮೇಲೂ ಆ ಎರಡು ಪದ ಬರೆಸಿದ್ದಾರೆ, ಕೆಳಗೆ ಅಜ್ಜಿಯ ಹೆಸರು ಹಾಕಿ.

ಈ ವರ್ಷ ಪುಸ್ತಕವನ್ನು ತಿದ್ದಿ ಹೊಸದಾಗಿ ತರುವ ಕೆಲಸ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಒಬ್ಬ ಮೇಡಂ ಪಾಲಿಗೆ ಬಂತು. ಎರಡು ವರ್ಷ ಪುರಸಭೆಯ ದಾಖಲೆ ಕೋಣೆಯಲ್ಲಿ ಧೂಳು ಕುಡಿದು ಬಂದ ಹೆಂಗಸು. ಒಂದು ದಪ್ಪ ಫೈಲನ್ನು ನನ್ನ ಮೇಜಿನ ಮೇಲೆ ಇಟ್ಟು, ಪುಟ ಪುಟವಾಗಿ ಶುರುಮಾಡಿದರು.

“ನೀರಿನ ಮೇಲೆ ನಡೆದಿದ್ದು ಸುಳ್ಳು. ದೋಣೀಲಿ ಹೋಗಿದ್ದು. ದೋಣಿಯವನು ಕೊಟ್ಟ ದೂರು ಸಿಕ್ಕಿದೆ. ಪ್ರವಾಹದಲ್ಲಿ ಬರಲ್ಲ ಅಂದಿದ್ದಕ್ಕೆ ಅಜ್ಜಿ ಹುಟ್ಟು ಕಿತ್ಕೊಂಡು ಅವನ ಬೆನ್ನಿಗೇ ಬಾರಿಸಿದಳಂತೆ.”

ದೊಡ್ಡಪ್ಪ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. “ಆಮೇಲೆ?”

“ಆಮೇಲೇನು, ಕರ್ಕೊಂಡು ಹೋದ.”

“ನಡೆದಿದ್ದಕ್ಕಿಂತ ಇದೇ ಚೆನ್ನಾಗಿದೆ ಮೇಡಂ,” ಎಂದರು ದೊಡ್ಡಪ್ಪ. ಗುಡುಗು ನಿಲ್ಲಿಸಿದ್ದು ಹೋಯಿತು, ಮುಟ್ಟಿ ಜ್ವರ ಬಿಡಿಸಿದ್ದೂ ಹೋಯಿತು. ಜ್ವರದವರಿಗೆ ನೀರು ಕಾಯಿಸಿ ಕುಡಿಸಿ ಎಂದು ಮನೆಮನೆಗೆ ಹೋಗಿ ಗದರುತ್ತಿದ್ದಳು ಎನ್ನುವುದಕ್ಕೆ ಒಬ್ಬ ವೈದ್ಯರ ಕಾಗದ ಸಿಕ್ಕಿತ್ತು. ಒಂದೊಂದು ಪವಾಡ ಬಿದ್ದಾಗಲೂ ದೊಡ್ಡಪ್ಪ ತೊಡೆ ತಟ್ಟಿ ನಗುತ್ತಿದ್ದರು. ಹನ್ನೊಂದು ಮುಗಿಯಿತು. ಮೇಡಂ ಹದಿನಾರನೇ ಪುಟ ತೆರೆದರು.

“ಇದೊಂದು ಗೊತ್ತಾಗ್ತಾ ಇಲ್ಲ. ಹಳೇ ಮುದ್ರಣ ಯಾವುದರಲ್ಲೂ ಇಲ್ಲ. ನಲವತ್ತನಾಲ್ಕು ವರ್ಷದ ಹಿಂದೆ, ನಿಮ್ಮ ಪ್ರೆಸ್ಸಿಂದ ಬಂದ ಪುಸ್ತಕದಲ್ಲಿ ಏಕಾಏಕಿ ಬಂದಿದೆ. ಆಗ ಮೊಳೆ ಜೋಡಿಸಿದ್ದು ನೀವೇ ಅಲ್ವಾ ಸರ್? ಇದರ ಕೈಬರಹ ಯಾರು ಕೊಟ್ಟಿದ್ದು?”

ದೊಡ್ಡಪ್ಪ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದರು. ಅದು ಒರೆಸಿ ಮುಗಿಯಲೇ ಇಲ್ಲ.

“ನನಗೂ ಇದೇ ಇಷ್ಟದ ಕತೆ ಸರ್. ನಮ್ಮ ಯಜಮಾನ್ರು ಹೋದಾಗ ಜನ ಬಂದು ಕೂತಿದ್ರು. ಆದ್ರೆ ಇಷ್ಟ ಬೇರೆ, ಆಧಾರ ಬೇರೆ. ಆಧಾರ ಸಿಗದಿದ್ರೆ ತೆಗೀಬೇಕಾಗತ್ತೆ.”

“ನಾಳೆ ಹೇಳ್ತೀನಿ,” ಎಂದರು ದೊಡ್ಡಪ್ಪ. ಅವರ ಬಾಯಿಂದ ಅಷ್ಟು ಚಿಕ್ಕ ಉತ್ತರ ಬಂದಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮಧ್ಯಾಹ್ನ ಟೀ ಕುಡಿಯಲು ಹೋದಾಗ ಹೇಳಿದರು. ಕೈಬರಹ ಯಾವುದೂ ಇರಲಿಲ್ಲ. ಆ ಕತೆ ಅವರದೇ.

ದೊಡ್ಡಪ್ಪ-ದೊಡ್ಡಮ್ಮನ ಮೊದಲ ಮಗಳು ಎರಡು ವರ್ಷದವಳಿದ್ದಾಗ ಮೂರು ದಿನದ ಜ್ವರದಲ್ಲಿ ಹೋದಳು. ನನಗೆ ಅಷ್ಟು ಗೊತ್ತಿತ್ತು. ಗೊತ್ತಿಲ್ಲದ್ದು ಆಮೇಲಿನದು. ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುತ್ತಿದ್ದ ಬೈಂಡಿಂಗ್ ಅಕ್ಕ ಮಾರನೆಯ ದಿನದಿಂದ ಹನ್ನೊಂದು ದಿನ ನಮ್ಮ ಮನೆಯ ಮೆಟ್ಟಿಲ ಮೇಲೆ ಬಂದು ಕೂತಿದ್ದಳು. ಒಂದು ಮಾತಾಡಿದವಳಲ್ಲ. ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ ದೊಡ್ಡಮ್ಮ ನಾಲ್ಕನೇ ದಿನ ಎದ್ದು ಬಂದು ಅವಳ ಪಕ್ಕ ಕೂತರು.

ಮುಂದಿನ ವರ್ಷ ಅಜ್ಜಿಯ ಪುಸ್ತಕ ಜೋಡಿಸುವಾಗ ಕೊನೆಯ ಪುಟದಲ್ಲಿ ಅರ್ಧ ಖಾಲಿ ಬಿತ್ತು. ಸಾಮಾನ್ಯವಾಗಿ ಅಲ್ಲಿ ಹೂವಿನ ಚಿತ್ರದ ಬ್ಲಾಕು ಹಾಕುತ್ತಿದ್ದರು. ಬ್ಲಾಕು ಸವೆದು ಮಸಿಯ ಮುದ್ದೆಯಂತೆ ಮೂಡುತ್ತಿತ್ತು. ಆಗಿನ ಮಾಲೀಕರು “ಏನಾದ್ರೂ ತುಂಬಿಸಯ್ಯ” ಎಂದು ಹೇಳಿ ಊಟಕ್ಕೆ ಹೋದರು. ದೊಡ್ಡಪ್ಪ ಕಾಗದ ಮುಟ್ಟಲಿಲ್ಲ. ನಿಂತಲ್ಲೇ, ಖಾನೆಯಿಂದ ಒಂದೊಂದೇ ಮೊಳೆ ತೆಗೆದು ಎದೆಯಲ್ಲಿದ್ದುದನ್ನು ನೇರವಾಗಿ ಸೀಸದಲ್ಲಿ ಜೋಡಿಸಿದರು. ಅಜ್ಜಿಯ ಪುಸ್ತಕವಾದ್ದರಿಂದ ಅಜ್ಜಿಯ ಹೆಸರು ಹಾಕಿದರು. ಕೊನೆಗೆ ಎರಡು ಸಾಲು ಕಡಿಮೆ ಬಿತ್ತು, ಅದಕ್ಕೆ “ನಾಳೆ ಬರುತ್ತೇನೆ” ಬಂತು.

“ಅಂದ್ರೆ ಆಸ್ಪತ್ರೆ ಗೋಡೆ ಮೇಲಿರೋದು ನೀವು ಸಾಲು ತುಂಬಿಸಿದ್ದಾ?” ಎಂದೆ. ನಗು ತಡೆಯಲಾಗಲಿಲ್ಲ.

ಅವರು ನಗಲಿಲ್ಲ. “ನಿಮ್ಮ ದೊಡ್ಡಮ್ಮ ಪುಸ್ತಕ ಓದಿ ನನ್ನ ಕರೆದಳು. ‘ನೋಡಿ, ನನಗೆ ಆದಹಾಗೇ ಆಗಿದೆ, ಆ ಅಜ್ಜಿನೇ ಬೈಂಡಿಂಗ್ ಅಕ್ಕನ್ನ ಕಳಿಸಿದ್ದು’ ಅಂದಳು. ಅವತ್ತು ಹೊಟ್ಟೆ ತುಂಬ ಊಟ ಮಾಡಿದಳು ಕಣೇ. ಒಂದು ವರ್ಷದ ಮೇಲೆ. ನಾನು ಬಾಯಿ ಬಿಡಲಿ ಹೇಗೆ?”

ಅಂದಿನಿಂದ ದೊಡ್ಡಮ್ಮ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅಡುಗೆಮನೆಯ ಗೋಡೆಯ ಮೇಲಿನ ಅಜ್ಜಿಯ ಚಿತ್ರಕ್ಕೆ ಕೈ ಮುಗಿಯುತ್ತಾರೆ. ಅದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಆಮೇಲೆ ಎರಡು ಮಕ್ಕಳನ್ನು ಹೆತ್ತು ಬೆಳೆಸಿದ್ದು, ತಾಯಿಯಿಲ್ಲದ ನನ್ನನ್ನೂ ಸಾಕಿದ್ದು, ಎಲ್ಲ ಆ ಧೈರ್ಯದ ಮೇಲೆ. ಈಗ ನಿಜ ಹೇಳಿದರೆ ಅವರ ಕಾಲ ಕೆಳಗಿನ ನೆಲ ಎಳೆದಂತೆ. ಹೇಳದಿದ್ದರೆ ಕತೆಯೇ ಪುಸ್ತಕದಿಂದ ಹೋಗುತ್ತದೆ, ದೊಡ್ಡಮ್ಮ ಕೊನೆಯ ಪುಟ ತಿರುಗಿಸಿ ಎಲ್ಲಿ ಎಂದು ಕೇಳಿಯೇ ಕೇಳುತ್ತಾರೆ.

ನಾನು ನನ್ನ ಬುದ್ಧಿಗೆ ತಕ್ಕ ಉಪಾಯ ಹೇಳಿದೆ. “ಯಾರೋ ಮುದುಕರು ಬಂದು ಹೇಳಿದ್ರು, ಅವರೀಗ ಇಲ್ಲ ಅಂದ್ಬಿಡಿ. ಮೇಡಂ ಬರ್ಕೋತಾರೆ.”

“ಒಂದು ಸಲ ತುಂಬಿಸಿದ್ದು ಸಾಕು,” ಎಂದು ಟೀ ಲೋಟ ಕುಕ್ಕಿ ಎದ್ದರು.

ಮರುದಿನ ಬೆಳಿಗ್ಗೆ ದೊಡ್ಡಮ್ಮ ಅಡುಗೆಮನೆಯಲ್ಲಿ ಬೀನ್ಸಿನ ನಾರು ತೆಗೆಯುತ್ತಿದ್ದರು. ನಾನು ತಲೆ ಬಾಚಿಕೊಳ್ಳುವ ನೆಪದಲ್ಲಿ ಬಾಗಿಲಲ್ಲಿ ನಿಂತಿದ್ದೆ. ದೊಡ್ಡಪ್ಪ ಎದುರಿಗೆ ಕೂತು, ಹಿಂದೆಮುಂದೆ ನೋಡದೆ, ಎಲ್ಲ ಹೇಳಿಬಿಟ್ಟರು. ದೊಡ್ಡಮ್ಮನ ಕೈ ನಿಂತಿತು.

“ಪೂರ್ತಿ ನೀವೇನಾ?”

“ಪೂರ್ತಿ ನಾನೇ.”

“ನಲವತ್ತು ದಿನ ಅನ್ನೋದು?”

“ಹನ್ನೊಂದು ಅಂದ್ರೆ ಅಜ್ಜಿಗೆ ಸಣ್ಣದಾಯ್ತು ಅನ್ನಿಸ್ತು.”

ದೊಡ್ಡಮ್ಮ ಬೈಯಲಿಲ್ಲ, ಅಳಲಿಲ್ಲ. ಗೋಡೆಯ ಮೇಲಿನ ಚಿತ್ರವನ್ನು ಒಮ್ಮೆ ನೋಡಿದರು. ಬೀನ್ಸಿನ ತಟ್ಟೆಯನ್ನು ಗಂಡನ ಮುಂದಕ್ಕೆ ತಳ್ಳಿದರು. “ನೀನು ಬಾ,” ಎಂದು ನನಗೆ ಹೇಳಿ ಚಪ್ಪಲಿ ಮೆಟ್ಟಿದರು. ನನಗೆ ನಿಜವಾಗಿ ಹೆದರಿಕೆಯಾಯಿತು.

ಮೇಡಂ ಹೊಸ ಪುಸ್ತಕದಲ್ಲಿ ಏನು ಮಾಡಿದರು ಎಂದು ಇಲ್ಲೇ ಹೇಳಿ ಮುಗಿಸುತ್ತೇನೆ, ಆಮೇಲೆ ಹೇಳಲು ನನಗೆ ಮನಸ್ಸಾಗುವುದಿಲ್ಲ. ದೊಡ್ಡಪ್ಪ ಎಲ್ಲ ಹೇಳಿದ ಮೇಲೂ ಅವರು ಕತೆಯನ್ನು ತೆಗೆಯಲಿಲ್ಲ. ಅದೇ ಹದಿನಾರನೇ ಪುಟದಲ್ಲಿ, ಇದು ಅಜ್ಜಿಯದಲ್ಲ, ಈ ಪುಸ್ತಕದ ಮೊಳೆ ಜೋಡಿಸಿದವರ ಮನೆಯಲ್ಲಿ ನಡೆದದ್ದು, ಬಂದು ಕೂತವರು ಈ ಪುಸ್ತಕ ಹೊಲಿದವರು ಎಂದು ಬರೆದು, ದಿನದ ಲೆಕ್ಕ ತಿದ್ದಿದರು. ನಾಲ್ಕು ಜನ ಗೊಣಗಿದರು. ಜನ ಸಾವಿನ ಮನೆಗೆ ಹೋಗಿ ಕೂರುವುದೇನೂ ನಿಲ್ಲಲಿಲ್ಲ. ದೊಡ್ಡಮ್ಮನೂ ಚಿತ್ರ ಇಳಿಸಲಿಲ್ಲ. ದೋಣಿಯವನಿಗೆ ಬಾರಿಸಿದ ಸಂಗತಿ ಓದಿದ ಮೇಲೆ ಅಜ್ಜಿ ಇನ್ನಷ್ಟು ಹಿಡಿಸಿದ್ದಾಳಂತೆ. ದೊಡ್ಡಪ್ಪ ಮಾತ್ರ ಒಂದು ವಾರ ಬೀನ್ಸು ಸೋಸಿದರು.

ಬೈಂಡಿಂಗ್ ಅಕ್ಕನ ಮನೆ ಮೂರು ಬೀದಿ ಆಚೆ, ಸೈಕಲ್ ಅಂಗಡಿಯ ಮಹಡಿಯ ಮೇಲೆ. ಆ ಬೆಳಿಗ್ಗೆ ದೊಡ್ಡಮ್ಮ ನೇರವಾಗಿ ಅಲ್ಲಿಗೇ ನಡೆದರು. ತಿರುಗಿ ನೋಡಿದರೆ ಇಪ್ಪತ್ತು ಹೆಜ್ಜೆ ಹಿಂದೆ ದೊಡ್ಡಪ್ಪ ಬರುತ್ತಿದ್ದರು. ಬರಬೇಡಿ ಎಂದು ಯಾರೂ ಹೇಳಿರಲಿಲ್ಲವಲ್ಲ. ನಾವು ಮೇಲೆ ಹತ್ತಿದಾಗ ಅವರು ಕೆಳಗೇ ನಿಂತರು.

ಅಕ್ಕನಿಗೆ ಎಂಬತ್ತರ ಹತ್ತಿರ. ಸೂಜಿ ಹಿಡಿದು ಹಿಡಿದು ಬೆರಳು ಬಾಗಿವೆ, ಆದರೂ ಕಿಟಕಿಯ ಬೆಳಕಿಗೆ ಕೂತು ಪಕ್ಕದ ಮನೆಯ ಮಕ್ಕಳಿಗೆ ಖಾಲಿ ಹಾಳೆಯ ನೋಟ್‌ಬುಕ್ ಹೊಲಿಯುತ್ತಿದ್ದಳು. ದೊಡ್ಡಮ್ಮ ಕೂರಲೂ ಇಲ್ಲ.

“ಅಕ್ಕ, ನನ್ನ ಮಗು ಹೋದಾಗ ನೀವು ಬಂದು ಕೂತಿದ್ರಲ್ಲ. ನಿಮ್ಮನ್ನ ಯಾರಾದ್ರೂ ಕಳಿಸಿದ್ರಾ?”

ಅಕ್ಕ ಸೂಜಿ ಇಳಿಸಿದಳು.

“ಯಾರೂ ಕಳಿಸಲಿಲ್ಲಮ್ಮ. ಮಿಶಿನ್ ಕೆಟ್ಟಿತ್ತು, ಪ್ರೆಸ್ಸಿಗೆ ರಜೆ ಕೊಟ್ಟಿದ್ರು. ಮನೇಲಿ ನಮ್ಮತ್ತೆ ಬಾಯಿ ನಿನಗೇ ಗೊತ್ತಲ್ಲ. ಎಲ್ಲಾದ್ರೂ ಕೂರ್ಬೇಕಿತ್ತು. ನಿಮ್ಮ ಮೆಟ್ಟಿಲು ನೆರಳಲ್ಲಿತ್ತು.”

“ಒಂದು ಮಾತೂ ಆಡ್ಲಿಲ್ವಲ್ಲ ಯಾಕೆ?”

“ಏನಾಡೋದು ಗೊತ್ತಾಗ್ತಿರ್ಲಿಲ್ಲ. ದಿನಾ ಬರ್ತಾ ದಾರೀಲಿ ಹೀಗ್ ಹೇಳ್ಬೇಕು, ಹಾಗ್ ಹೇಳ್ಬೇಕು ಅಂತ ಜೋಡಿಸ್ಕೊಂಡೇ ಬರೋಳು. ನಿನ್ನ ಮುಖ ನೋಡಿದ್ರೆ ಎಲ್ಲ ಮರ್ತ್ಹೋಗೋದು.”

“ಆಮೇಲೆ ನಿಲ್ಲಿಸಿದ್ರಿ.”

ಅಕ್ಕ ತಲೆ ತಗ್ಗಿಸಿದಳು. “ಮಿಶಿನ್ ಸರಿಹೋಯ್ತು. ಕೆಲಸಕ್ಕೆ ಕರೆದ್ರು. ಹೊಟ್ಟೆಪಾಡು.” ದಾರ ಸುತ್ತಿಡುತ್ತ ಮುಂದುವರಿದಳು. “ನೀನು ಇದನ್ನ ಕೇಳೋಕೆ ಯಾವತ್ತಾದ್ರೂ ಬರ್ತೀಯ ಅಂತ ಗೊತ್ತಿತ್ತು ನಂಗೆ. ಮುಂದಿನ ವರ್ಷ ಅಜ್ಜಿ ಪುಸ್ತಕ ಹೊಲಿಯೋವಾಗ ಆ ಕತೆ ಓದಿದೆ. ಅವಳು ನಲವತ್ತು ದಿನ ಹೋದಳಂತೆ. ನಾನು ಹನ್ನೊಂದಕ್ಕೇ ಎದ್ದು ಬಂದೆ. ಅಲ್ಲಿಂದ ವರ್ಷಾವರ್ಷ ಸಾವಿರಗಟ್ಟಲೆ ಪುಸ್ತಕ ಹೊಲಿದೀನಿ ನೋಡು, ಒಂದೊಂದರಲ್ಲೂ ಆ ಪುಟ ಬಂದಾಗ ನಾಚಿಕೆ ಆಗೋದು. ಪೂರ್ತಿ ಕೂರ್ಲಿಲ್ವಲ್ಲ ಅಂತ.”

ಕೆಳಗೆ ಮೆಟ್ಟಿಲಲ್ಲಿ ದೊಡ್ಡಪ್ಪ ಕೆಮ್ಮಿದ ಸದ್ದು ಕೇಳಿತು. ಅಷ್ಟೂ ಅವರ ಕಿವಿಗೆ ಬಿದ್ದಿತ್ತು. ಕತೆ ತುಂಬಿಸಿ ನಲವತ್ತನಾಲ್ಕು ವರ್ಷ ಹೆಂಡತಿಯ ಚಿಂತೆ ಮಾಡಿದ್ದ ಮನುಷ್ಯನಿಗೆ, ಪಕ್ಕದ ಕೋಣೆಯಲ್ಲಿ ಅದನ್ನೇ ಹೊಲಿಯುತ್ತಿದ್ದವಳ ಯೋಚನೆ ಒಂದು ಸಲವೂ ಬಂದಿರಲಿಲ್ಲ. ನನಗೆ ಅವರ ಮೇಲೆ ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು.

ದೊಡ್ಡಮ್ಮ ನೆಲಕ್ಕೆ ಕುಸಿದಂತೆ ಕೂತು ಅಕ್ಕನ ಎರಡೂ ಕೈ ಹಿಡಿದುಕೊಂಡರು. ಅವರು ಅಳುತ್ತಿದ್ದರು, ಆದರೆ ಮುಖದಲ್ಲಿ ಸಂಕಟ ಇರಲಿಲ್ಲ.

“ಅಕ್ಕ, ನಾನು ಇಷ್ಟು ವರ್ಷ ಅಜ್ಜಿಗೆ ಕೈ ಮುಗಿದೆ. ನಿಮಗೆ ಒಂದು ಮಾತು ಹೇಳ್ಲಿಲ್ಲ. ಆ ಕತೆ ಸುಳ್ಳು. ನೀವು ಬಂದಿದ್ದನ್ನ ನೋಡಿ ಇವರು ಅಜ್ಜಿ ಹೆಸರಲ್ಲಿ ಬರೆದಿದ್ದು.”

ಅಕ್ಕ ಮುಖ ಎತ್ತಿದಳು. ಹಿಡಿದ ಕೈಯನ್ನು ಬಿಡಿಸಿಕೊಳ್ಳದೆ ಕೇಳಿದಳು.

“ಹಾಗಾದ್ರೆ ನಲವತ್ತು ದಿನ ಯಾರೂ ಹೋಗಿರ್ಲಿಲ್ವಾ?”

“ಯಾರೂ ಹೋಗಿರ್ಲಿಲ್ಲ ಅಕ್ಕ. ನೀವೊಬ್ರೇ ಬಂದಿದ್ದು.”